ಮೊದಲ ಪ್ರಯತ್ನವನ್ನು ಡಿಲೀಟ್ ಮಾಡಬೇಡಿ

‘ನೀವೇ ಕೈಯಾರೆ ಮಾಡಿದ್ದು ಏನಾದರೂ ಇದ್ದರೆ ತೋರಿಸಿ. ಸರಿಯಾಗಿ ಕೆಲಸ ಮಾಡದಿದ್ದರೂ ಪರವಾಗಿಲ್ಲ.’

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಒಂದಕ್ಕಾಗಿ ನಡೆದ ಆನ್‌ಲೈನ್ ಸಂದರ್ಶನದಲ್ಲಿ ನನಗೆ ಎದುರಾದ ಪ್ರಶ್ನೆ ಇದು. ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಉತ್ತರ ಬಾಯಿಪಾಠವಾಗಿತ್ತು. ‘ಐದು ವರ್ಷದ ನಂತರ ಎಲ್ಲಿರುತ್ತೀರಿ’ ಎಂಬುದಕ್ಕೂ ಸಿದ್ಧ ಉತ್ತರವಿತ್ತು. ಇದಕ್ಕೆ ಮಾತ್ರ ಇರಲಿಲ್ಲ. ಹಾಗೆಂದು ಏನನ್ನೂ ಮಾಡಿರಲಿಲ್ಲ ಎಂದಲ್ಲ. ಕೈಯಾರೆ ಮಾಡಿದ್ದು ಒಂದಿತ್ತು. ಅದನ್ನು ಅದೇ ಕೈಯಿಂದ ಅಳಿಸಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು.

ನನ್ನೂರು ಬ್ಯಾಡಗಿ. ಹೆಸರು ಹೇಳಿದರೆ ಸಾಕು, ಕೇಳಿದವರಿಗೆ ಕೆಂಪು ಮೆಣಸಿನಕಾಯಿಯೇ ನೆನಪಾಗುತ್ತದೆ. ಸೀಸನ್ನಿನಲ್ಲಿ ನಮ್ಮವ್ವ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಮಾರುಕಟ್ಟೆಗೆ ಬಂದ ಕಾಯಿ ಎಷ್ಟು ಒಣಗಿದೆ ಎಂಬುದರ ಮೇಲೆ ದರ ಏರಿಳಿಯುತ್ತದೆ. ಹಸಿ ಉಳಿದರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಆದರೆ ಮನೆಯಂಗಳದಲ್ಲಿ ಕಾಯಿ ಹರವಿದ ರೈತ ಅದನ್ನು ಮುಟ್ಟಿ, ಹಿಚುಕಿ, ಅಂದಾಜಿನಲ್ಲೇ ಹೇಳಬೇಕು. ಇದನ್ನು ಅಳೆಯುವ ಅಗ್ಗದ ಸಾಧನವೊಂದನ್ನು ಮಾಡೋಣ ಎಂದು ಬಿ.ಇ. ಎರಡನೇ ವರ್ಷದಲ್ಲಿ ನಾನು ಮತ್ತು ರಾಣೆಬೆನ್ನೂರಿನ ನನ್ನ ಗೆಳತಿ ಹೊರಟೆವು. ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಎರಡು ಉಕ್ಕಿನ ಕಡ್ಡಿ, ಹೊರಗೆ ಒಂದು ಆರ್ಡುಯಿನೊ ಬೋರ್ಡ್. ಬ್ಯಾಡಗಿ ಮೆಣಸಿನಕಾಯಿಯಲ್ಲಿ ‘ಡಬ್ಬಿ’ ಮತ್ತು ‘ಕಡ್ಡಿ’ ಎಂಬ ಎರಡು ತಳಿಗಳಿವೆ. ನಮ್ಮ ಯಂತ್ರದಲ್ಲೂ ಡಬ್ಬಿ-ಕಡ್ಡಿ ಎರಡೂ ಇವೆ ಎಂದು ನಾವೇ ನಗುತ್ತಿದ್ದೆವು.

ಕಾಯಿಯಲ್ಲಿ ತೇವ ಹೆಚ್ಚಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಒಣಗಿದ್ದರೆ ತಡೆ ಹೆಚ್ಚಾಗುತ್ತದೆ. ತತ್ವ ಇಷ್ಟೇ. ಆದರೆ ನಮ್ಮ ಯಂತ್ರ ಒಂದೇ ಕಾಯಿಗೆ ಎರಡು ಲೆಕ್ಕ ಹೇಳುತ್ತಿತ್ತು. ಡಬ್ಬಿಯಲ್ಲಿ ಸಡಿಲವಾಗಿ ತುಂಬಿದರೆ ಒಂದು ಸಂಖ್ಯೆ, ಕೈಯಿಂದ ಒತ್ತಿ ತುಂಬಿದರೆ ಇನ್ನೊಂದು. ಅದನ್ನು ಹೊತ್ತುಕೊಂಡೇ ದೊಡ್ಡ ಊರಿನ ಕಾಲೇಜೊಂದರ ಪ್ರಾಜೆಕ್ಟ್ ಸ್ಪರ್ಧೆಗೆ ಹೋದೆವು. ನಮ್ಮ ಪಕ್ಕದ ಟೇಬಲ್‌ನಲ್ಲಿದ್ದ ತಂಡವೂ ಧಾನ್ಯದ ತೇವಾಂಶದ ಮೇಲೆಯೇ ಕೆಲಸ ಮಾಡಿತ್ತು. ಅವರದಕ್ಕೆ ಅಚ್ಚುಕಟ್ಟಾದ ಕವಚ, ಮೊಬೈಲ್ ಆ್ಯಪ್, ಗ್ರಾಫ್ ಎಲ್ಲವೂ ಇತ್ತು. ಅವರೇನೂ ಮೋಸ ಮಾಡಿರಲಿಲ್ಲ, ಅವರ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಅದೇ ಹೆಚ್ಚು ಚುಚ್ಚಿತು. ಸಂಜೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದವಳು ಹಾವೇರಿ ದಾಟುವಷ್ಟರಲ್ಲಿ ಕೋಡ್, ಫೋಟೊ, ರೀಡಿಂಗ್ ಬರೆದಿಟ್ಟ ಶೀಟ್ ಎಲ್ಲವನ್ನೂ ಡಿಲೀಟ್ ಮಾಡಿದ್ದೆ. ಬೋರ್ಡನ್ನು ಬಿಚ್ಚಿ ಜೂನಿಯರ್ ಒಬ್ಬಳಿಗೆ ಕೊಟ್ಟೆ.

ಸಂದರ್ಶನದಲ್ಲಿ ಇದನ್ನೆಲ್ಲ ಬಾಯಲ್ಲಿ ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿದರು. ‘ಒತ್ತಡ ಬದಲಾದಾಗ ರೀಡಿಂಗ್ ಎಷ್ಟು ಬದಲಾಗುತ್ತಿತ್ತು?’ ಎಂದರು. ನನ್ನ ಬಳಿ ಒಂದು ಅಂಕಿಯೂ ಇರಲಿಲ್ಲ. ಆ ಇಂಟರ್ನ್‌ಶಿಪ್ ನನಗೆ ಸಿಗಲಿಲ್ಲ. ಅದೊಂದೇ ಕಾರಣ ಎನ್ನಲಾರೆ. ಆದರೆ ಆ ಮೌನ ಇನ್ನೂ ನೆನಪಿದೆ.

ಇಪ್ಪತ್ತರ ಹುಡುಗನ ಸಿಂಫನಿ

ಅದಾದ ಕೆಲವೇ ದಿನಗಳಲ್ಲಿ, ಪರೀಕ್ಷೆಗೆ ಓದುವಾಗ ಮೊಬೈಲ್‌ನಲ್ಲಿ ಹಾಕಿಕೊಂಡಿದ್ದ ಸಂಗೀತ ತನ್ನಷ್ಟಕ್ಕೆ ಒಂದರಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಮೊದಲು ಬಂದದ್ದು ಜಾಹೀರಾತುಗಳಲ್ಲಿ, ಕಾರ್ಟೂನ್‌ಗಳಲ್ಲಿ ನೀವೂ ಕೇಳಿರಬಹುದಾದ ಒಂದು ಬೆಳಗಿನ ರಾಗ. ಅದರ ಕರ್ತೃ ನಾರ್ವೆಯ ಎಡ್ವರ್ಡ್ ಗ್ರೀಗ್. ಅದರ ಹಿಂದೆಯೇ ಆತನದೇ ಇನ್ನೊಂದು ಕೃತಿ ಶುರುವಾಯಿತು: ಸಿ ಮೈನರ್ ಸಿಂಫನಿ. ಪಾಶ್ಚಾತ್ಯ ಸಂಗೀತದ ವ್ಯಾಕರಣ ನನಗೆ ಗೊತ್ತಿಲ್ಲ. ಸಿಂಫನಿ ಎಂದರೆ ಹತ್ತಾರು ವಾದ್ಯಗಳ ದೊಡ್ಡ ಮೇಳ ನುಡಿಸುವ, ಸಾಮಾನ್ಯವಾಗಿ ನಾಲ್ಕು ಭಾಗಗಳಿರುವ ದೀರ್ಘ ಕೃತಿ ಎಂಬಷ್ಟು ತಿಳಿದಿದ್ದೆ, ಅಷ್ಟೇ. ಆದರೆ ಅದರ ಕಥೆಯನ್ನು ಹುಡುಕಿ ಓದಿದ ಮೇಲೆ ಪುಸ್ತಕ ಮುಚ್ಚಿಟ್ಟು ಮತ್ತೊಮ್ಮೆ ಮೊದಲಿನಿಂದ ಕೇಳಿದೆ.

ಗ್ರೀಗ್ ಹುಟ್ಟಿದ್ದು 1843ರಲ್ಲಿ, ಬರ್ಗೆನ್ ಎಂಬ ಬಂದರು ಊರಿನಲ್ಲಿ. ಹದಿನೈದನೇ ವಯಸ್ಸಿಗೇ ಸಂಗೀತ ಕಲಿಯಲು ಜರ್ಮನಿಯ ಲೈಪ್‌ಜಿಗ್‌ಗೆ ಹೋದ. ಅಲ್ಲಿಂದ ಬಂದ ಮೇಲೆ 1863ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ಗೆ ಹೋದಾಗ ಅಲ್ಲಿನ ಹಿರಿಯ ಸಂಗೀತಗಾರ ನೀಲ್ಸ್ ಗಾಡೆಯ ಭೇಟಿಯಾಯಿತು. ತೋರಿಸಲು ಏನಾದರೂ ಇದೆಯೇ ಎಂದು ಗಾಡೆ ಕೇಳಿದರು. ಏನೂ ಇಲ್ಲ ಎಂದ ಹುಡುಗ. ಹಾಗಾದರೆ ಮನೆಗೆ ಹೋಗಿ ಒಂದು ಸಿಂಫನಿ ಬರೆ ಎಂದರಂತೆ! ನಮ್ಮ ಗೈಡ್‌ಗಳು ‘ಮುಂದಿನ ವಾರ ಸಿನಾಪ್ಸಿಸ್ ತನ್ನಿ’ ಎನ್ನುವ ಹಾಗೆ. ಹುಡುಗ ಎರಡೇ ವಾರದಲ್ಲಿ ಮೊದಲ ಭಾಗವನ್ನು ಮುಗಿಸಿದ. 1864ರ ಮೇ ತಿಂಗಳಿಗೆ ಇಡೀ ಸಿಂಫನಿ ಸಿದ್ಧವಾಗಿತ್ತು. ಆಗ ಆತನಿಗೆ ಇಪ್ಪತ್ತು. ನನ್ನದೇ ವಯಸ್ಸು.

ಅದರ ಕೆಲವು ಭಾಗಗಳನ್ನು ಕೋಪನ್‌ಹೇಗನ್‌ನಲ್ಲೂ ಬರ್ಗೆನ್‌ನಲ್ಲೂ ಆಗಲೇ ನುಡಿಸಿದ್ದರು. ಆಮೇಲೆ 1867ರ ಅಕ್ಟೋಬರ್ ಬಂತು. ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೊದಲ್ಲಿ, ಇನ್ನೊಬ್ಬ ನಾರ್ವೆ ತರುಣ ಯೋಹಾನ್ ಸ್ವೆಂಡ್ಸನ್‌ನ ಮೊದಲ ಸಿಂಫನಿಯ ಕಛೇರಿ ನಡೆಯಿತು. ಸ್ವೆಂಡ್ಸನ್ ಗ್ರೀಗ್‌ಗಿಂತ ಮೂರು ವರ್ಷ ದೊಡ್ಡವನು. ಆತನೂ ಲೈಪ್‌ಜಿಗ್‌ನಲ್ಲೇ ಓದಿದವನು. ಆ ಡಿ ಮೇಜರ್ ಸಿಂಫನಿಯನ್ನು ಬರೆದದ್ದೂ ವಿದ್ಯಾರ್ಥಿಯಾಗಿದ್ದಾಗಲೇ. ಅದನ್ನೂ ಕೇಳಿ ನೋಡಿದೆ. ನನ್ನಂಥ ಏನೂ ಅರಿಯದವಳಿಗೂ ಅದರಲ್ಲಿರುವ ಧೈರ್ಯ ಗೊತ್ತಾಗುತ್ತದೆ. ಯಾರ ಅನುಮತಿಗೂ ಕಾಯದೆ ಓಡುವ ಹುಡುಗನ ಹಾಗಿದೆ ಆ ಸಂಗೀತ.

ಗ್ರೀಗ್‌ಗೆ ಪಕ್ಕದ ಟೇಬಲ್ ಕಾಣಿಸಿತು. ಆತ ಮಾಡಿದ ಮೊದಲ ಕೆಲಸವೆಂದರೆ ಸ್ವೆಂಡ್ಸನ್‌ನ ಸಿಂಫನಿಯನ್ನು ಹೊಗಳಿ ಪತ್ರಿಕೆಗೆ ಬರೆದದ್ದು. ಹೊಟ್ಟೆಕಿಚ್ಚು ಪಡುವ ಜಾಗದಲ್ಲಿ ಹೀಗೆ ಮಾಡಲು ದೊಡ್ಡ ಮನಸ್ಸು ಬೇಕು. ಆದರೆ ತನ್ನ ಸಿಂಫನಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡ. ಹಸ್ತಪ್ರತಿಯ ಮೇಲೆ, ಇದನ್ನು ಎಂದಿಗೂ ನುಡಿಸಕೂಡದು ಎಂಬ ಅರ್ಥದ ಮಾತು ಬರೆದಿಟ್ಟ. ಜರ್ಮನಿಯ ಶುಮಾನ್‌ನ ಪ್ರಭಾವದಲ್ಲಿ ಬರೆದ ಹಳೆಯ ಕಾಲದ ಕೃತಿ ಅದು, ತನ್ನ ಸ್ವಂತ ದನಿ ಅಲ್ಲ ಎಂಬುದು ಆತನ ನಿಲುವಾಗಿತ್ತು. ಮುಂದೆ ಆತ ಇನ್ನೊಂದು ಸಿಂಫನಿಯನ್ನು ಪೂರ್ಣಗೊಳಿಸಲೇ ಇಲ್ಲ.

ಮುಚ್ಚಿಡುವುದು ಬೇರೆ, ಸುಡುವುದು ಬೇರೆ

ಇಲ್ಲಿಯವರೆಗೆ ಗ್ರೀಗ್‌ನದೂ ನನ್ನದೂ ಒಂದೇ ಕಥೆ ಎನಿಸುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಗ್ರೀಗ್ ಅದನ್ನು ನುಡಿಸಬೇಡಿ ಎಂದ, ಸುಡಲಿಲ್ಲ. ಆತನ ಕಾಲದಲ್ಲಿ ಡಿಲೀಟ್ ಬಟನ್ ಇರಲಿಲ್ಲ ನಿಜ, ಆದರೆ ನಾರ್ವೆಯ ಚಳಿಗೆ ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಬೇಕೆಂದರೆ ಒಂದೇ ನಿಮಿಷದ ಕೆಲಸ. ಅದರ ಬದಲು 1869ರಲ್ಲಿ ಆ ಸಿಂಫನಿಯ ನಡುವಿನ ಎರಡು ಭಾಗಗಳನ್ನು ಒಂದೇ ಪಿಯಾನೊದ ಮುಂದೆ ಇಬ್ಬರು ಕೂತು ನುಡಿಸುವಂತೆ ಮಾರ್ಪಡಿಸಿ ಪ್ರಕಟಿಸಿದ. ಉಳಿದದ್ದನ್ನು ಜೋಪಾನವಾಗಿಟ್ಟ. ತನ್ನ ಹಸ್ತಪ್ರತಿಗಳೆಲ್ಲ ಬರ್ಗೆನ್‌ನ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಬೇಕು ಎಂದು ಉಯಿಲು ಬರೆದ. 1907ರಲ್ಲಿ ಆತ ತೀರಿಕೊಂಡ ಮೇಲೆ ಆ ಸಿಂಫನಿಯೂ ಗ್ರಂಥಾಲಯ ಸೇರಿತು. ‘ನುಡಿಸಬೇಡಿ’ ಎಂಬ ಮಾತಿನ ಸಮೇತ!

ಸುಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ವೆಂಡ್ಸನ್‌ನ ಬದುಕೇ ಉದಾಹರಣೆ. ಆತನ ಮೂರನೇ ಸಿಂಫನಿಯ ಹಸ್ತಪ್ರತಿಯನ್ನು ಮನೆಯ ಜಗಳದಲ್ಲಿ ಪತ್ನಿ ಬೆಂಕಿಗೆ ಎಸೆದಳು ಎಂಬ ಕಥೆ ಪ್ರಸಿದ್ಧವಾಗಿದೆ. ಆತ ಬರೆದಿಟ್ಟ ರೂಪದಲ್ಲಿ ಆ ಸಿಂಫನಿಯನ್ನು ಇವತ್ತು ಯಾರೂ ಕೇಳುವಂತಿಲ್ಲ. ಅಂದು ಗೆದ್ದವನ ಒಂದು ಕೃತಿ ಬೂದಿಯಾಯಿತು. ಅಂದು ತಾನು ಸೋತೆ ಎಂದುಕೊಂಡವನ ಕೃತಿ ಕಪಾಟಿನಲ್ಲಿ ಉಳಿಯಿತು.

ಮುಂದಿನದು ಇನ್ನೂ ಸ್ವಾರಸ್ಯಕರ. 1980ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ಅದರ ನಕಲು ಪ್ರತಿಯನ್ನಿಟ್ಟುಕೊಂಡು ನುಡಿಸಿಯೇಬಿಟ್ಟರು. ನಮ್ಮ ಹುಡುಗನ ಸಿಂಫನಿಯನ್ನು ನಾವೇ ಸರಿಯಾಗಿ ನುಡಿಸಬೇಡವೇ ಎಂಬ ಪ್ರಶ್ನೆ ನಾರ್ವೆಯಲ್ಲಿ ಎದ್ದಿತು. 1981ರ ಮೇ 30ರಂದು ಬರ್ಗೆನ್ ಉತ್ಸವದಲ್ಲಿ ಕಾರ್ಸ್ಟನ್ ಆಂಡರ್ಸನ್ ನಿರ್ದೇಶನದಲ್ಲಿ ಅದರ ಅಧಿಕೃತ ಕಛೇರಿ ನಡೆಯಿತು. ಬರೆದು ಮುಗಿಸಿ 117 ವರ್ಷಗಳಾದ ಮೇಲೆ!

ಬರೆದವನೇ ಬೇಡವೆಂದದ್ದನ್ನು ನುಡಿಸಿದ್ದು ಸರಿಯೇ? ಈ ಬಗ್ಗೆ ನಾನೂ ಗೆಳತಿಯೂ ಹಾವೇರಿ ಬಸ್ ನಿಲ್ದಾಣದಲ್ಲಿ ಚಹಾ ಆರಿ ಹೋಗುವಷ್ಟು ಹೊತ್ತು ವಾದ ಮಾಡಿದ್ದೇವೆ. ‘ಅವನ ಮಾತಿಗೆ ಬೆಲೀನ ಇಲ್ಲೇನ?’ ಎಂಬುದು ಅವಳ ವಾದ. ಅವಳ ಮಾತಿನಲ್ಲಿ ಅರ್ಥವಿದೆ. ನಾಳೆ ನನ್ನ ಅರೆಬೆಂದ ಕೆಲಸವನ್ನು ನನ್ನನ್ನು ಕೇಳದೆ ಯಾರೋ ವೇದಿಕೆಗೆ ಏರಿಸಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ನಿಜವಾಗಿ ಯಾರೂ ನೋಡಬಾರದು ಎಂದಿದ್ದರೆ ಅದನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲು ಆತ ಬಿಡುತ್ತಿದ್ದನೇ? ವೇದಿಕೆಗೆ ಬೇಡ, ಆದರೆ ಕಲಿಯುವವರ ಕೈಗೆ ಸಿಗಲಿ ಎಂದುಕೊಂಡಿದ್ದನೇನೋ ಎಂಬುದು ನನ್ನ ಊಹೆ. ಅದನ್ನು ಕೇಳಿದ್ದರಿಂದ ಗ್ರೀಗ್‌ನ ಹೆಸರಿಗೆ ಮಸಿ ಹತ್ತಲಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಬೇರೆಯವರ ನೆರಳಲ್ಲಿದ್ದವನು ನಾಲ್ಕೇ ವರ್ಷಗಳಲ್ಲಿ, 1868ರಲ್ಲಿ, ಇವತ್ತಿಗೂ ಜಗತ್ತು ನುಡಿಸುವ ಪಿಯಾನೊ ಕನ್ಸರ್ಟೊ ಬರೆದ. ಆ ನಾಲ್ಕು ವರ್ಷಗಳಲ್ಲಿ ಆತ ಎಷ್ಟು ದೂರ ನಡೆದ ಎಂದು ತಿಳಿಯಬೇಕಾದರೆ ಎಲ್ಲಿಂದ ಹೊರಟ ಎಂಬುದು ಉಳಿದಿರಬೇಕಲ್ಲವೇ?

ನಮ್ಮದೇ ರೈಲು ಹಳಿಯ ಮೇಲೆ

ನಾರ್ವೆ ದೂರವಾಯಿತು ಎನ್ನುವವರಿಗೆ ಹತ್ತಿರದ ಮಾತು ಹೇಳುತ್ತೇನೆ. ನಾನು ಎಲ್ಲವನ್ನೂ ಡಿಲೀಟ್ ಮಾಡಿದ ಆ ರೈಲು ಹುಬ್ಬಳ್ಳಿ ಬಿಟ್ಟ ಮೇಲೆ ಕುಂದಗೋಳದ ಮೂಲಕವೇ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ಬರುತ್ತದೆ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಬಳಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿಬರುತ್ತಿದ್ದದ್ದು ಇದೇ ಹಳಿಯ ಮೇಲೆ. ಅವರ ಹೆಸರಿನಲ್ಲಿರುವ ಹಾನಗಲ್ ನಮ್ಮ ಹಾವೇರಿ ಜಿಲ್ಲೆಯದೇ ಊರು.

ಗಂಗೂಬಾಯಿ ಎಂದರೆ ನಮಗೆಲ್ಲ ನೆನಪಾಗುವುದು ಗಂಡುದನಿಯಂಥ ಆ ಗಟ್ಟಿ ಕಂಠ. ಆದರೆ ಇಪ್ಪತ್ತರ ಆಸುಪಾಸಿನಲ್ಲಿ ಅವರ ಹಾಡುಗಳು ಗ್ರಾಮಫೋನ್ ತಟ್ಟೆಗಳಾಗಿ ಬಂದಾಗ ಹೆಸರು ‘ಗಾಂಧಾರಿ ಹಾನಗಲ್’ ಎಂದಿತ್ತು. ಆ ದನಿ ತೆಳು, ಎತ್ತರದ ಶ್ರುತಿಯದು. ಹಾಡಿದ್ದರಲ್ಲಿ ಲಘು ಸಂಗೀತವೂ ಇತ್ತು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು. ಲಘು ಸಂಗೀತವನ್ನು ಬಿಟ್ಟು ರಾಗ ಸಂಗೀತಕ್ಕೇ ನಿಂತರು. 2002ರಲ್ಲಿ ಪದ್ಮವಿಭೂಷಣವೂ ಬಂತು. ಆ ಹಳೆಯ ತಟ್ಟೆಗಳು ಉಳಿದಿರುವುದರಿಂದ ಇವತ್ತು ನಾವು ಗಾಂಧಾರಿಯನ್ನೂ ಕೇಳಬಹುದು, ಗಂಗೂಬಾಯಿಯನ್ನೂ ಕೇಳಬಹುದು. ಒಂದರ ಪಕ್ಕ ಒಂದಿಟ್ಟು ಕೇಳಿ ನೋಡಿ. ದನಿ ಹೋಯಿತು ಎಂದು ಕೈಚೆಲ್ಲದೆ, ಸಿಕ್ಕ ಹೊಸ ದನಿಯಲ್ಲೇ ಮನೆ ಕಟ್ಟಿದ ಹೆಣ್ಣುಮಗಳ ದಾರಿ ಕಾಣುತ್ತದೆ. ಯಾವ ಜೀವನಚರಿತ್ರೆಯೂ ಇಷ್ಟು ಸ್ಪಷ್ಟವಾಗಿ ಅದನ್ನು ಹೇಳಲಾರದು.

ಮಾರುವುದಿಲ್ಲ, ಎಸೆಯುವುದೂ ಇಲ್ಲ

ಗೆಳತಿಯ ಮನೆಯವರು ರಾಣೆಬೆನ್ನೂರು ಹತ್ತಿರ ಹೈಬ್ರಿಡ್ ಬೀಜೋತ್ಪಾದನೆ ಮಾಡುತ್ತಾರೆ. ನಮ್ಮ ಕಡೆ ಇದಕ್ಕೆ ‘ಕ್ರಾಸಿಂಗ್ ಕೆಲಸ’ ಎನ್ನುತ್ತಾರೆ. ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರ ತೆಗೆದು, ಗಂಡು ಸಾಲಿನ ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಸೂಕ್ಷ್ಮ ಕೆಲಸ. ಅದರಿಂದ ಬರುವ ಹೈಬ್ರಿಡ್ ಬೀಜ ಅಂಗಡಿಗೆ ಹೋಗುತ್ತದೆ. ಆದರೆ ಆ ಹೆಣ್ಣು ಸಾಲು, ಗಂಡು ಸಾಲಿನ ಮೂಲ ತಳಿಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೈಬ್ರಿಡ್‌ನಷ್ಟು ಫಸಲನ್ನೂ ಅವು ಕೊಡುವುದಿಲ್ಲ. ಆದರೂ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಅವು ಹೋದರೆ ಮುಂದಿನ ವರ್ಷ ಹೈಬ್ರಿಡ್ ಬೀಜವೇ ಇಲ್ಲ. ನಾನು ಡಿಲೀಟ್ ಮಾಡಿದ ವಿಷಯ ಕೊನೆಗೂ ಅವಳ ಮುಂದೆ ಹೇಳಿದಾಗ ಅವಳು ಬೈದದ್ದೂ ಇದೇ ಭಾಷೆಯಲ್ಲಿ: ‘ಮಾರೂದಿಲ್ಲ ಅಂದ್ರ ಒಗದ ಬಿಡ್ತಾರೇನ?’

ನಾವು ವಿದ್ಯಾರ್ಥಿಗಳು ಈಗ ಮಾಡುತ್ತಿರುವುದು ಅದನ್ನೇ. ಲಿಂಕ್ಡ್‌ಇನ್ ತೆರೆದರೆ ಎಲ್ಲರೂ ಗೆದ್ದವರೇ. ಎಲ್ಲರ ಪ್ರಾಜೆಕ್ಟೂ ಮೊದಲ ದಿನದಿಂದಲೇ ಕೆಲಸ ಮಾಡಿದಂತೆ ಕಾಣುತ್ತದೆ. ಅದನ್ನು ನೋಡಿ ನಮ್ಮ ತಪ್ಪುತಡೆಗಳನ್ನು ಅಡಗಿಸುತ್ತೇವೆ, ಆಮೇಲೆ ಅಳಿಸುತ್ತೇವೆ. ಇದರ ಮುಂದಿನ ಹೆಜ್ಜೆ ಇನ್ನೂ ಕೆಟ್ಟದ್ದು. ಫೈನಲ್ ಇಯರ್ ಬರುವಷ್ಟರಲ್ಲಿ ಹಣ ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವುದು ನಮ್ಮಲ್ಲಿ ಗುಟ್ಟಿನ ವಿಷಯವಾಗಿ ಉಳಿದಿಲ್ಲ. ಅದು ಡೆಮೊ ದಿನ ಚೆನ್ನಾಗಿ ಕೆಲಸ ಮಾಡುತ್ತದೆ, ಅಂಕವನ್ನೂ ತರುತ್ತದೆ. ಆದರೆ ಸಂದರ್ಶನದಲ್ಲಿ ‘ಇದು ಎಲ್ಲಿ ಕೈಕೊಟ್ಟಿತು, ನೀವು ಏನು ಮಾಡಿದಿರಿ?’ ಎಂದು ಕೇಳಿದರೆ ಕೊಂಡು ತಂದವನ ಬಳಿ ಹೇಳಲು ಕಥೆಯೇ ಇರುವುದಿಲ್ಲ. ನನ್ನ ಬಳಿ ಕಥೆಯಿತ್ತು, ಸಾಕ್ಷಿ ಇರಲಿಲ್ಲ.

ಎಲ್ಲವನ್ನೂ ಎಲ್ಲರಿಗೂ ತೋರಿಸಿ ಎಂದು ನಾನು ಹೇಳುತ್ತಿಲ್ಲ. ಗ್ರೀಗ್‌ನ ಹಾಗೆ ‘ಇದು ಇನ್ನೂ ನಾನಲ್ಲ’ ಎಂದು ಹಿಂದಕ್ಕೆ ಇಟ್ಟುಕೊಳ್ಳುವ ಹಕ್ಕು ನಮಗೂ ಇದೆ. ತನ್ನ ಕೆಲಸದ ಕೊರತೆ ತನಗೇ ಕಾಣುವುದು ಒಳ್ಳೆಯ ಲಕ್ಷಣವೇ. ರೆಸ್ಯೂಮ್‌ನಲ್ಲಿ ಹಾಕಬೇಡಿ, ಸ್ಟೇಟಸ್‌ನಲ್ಲಿ ಹಾಕಬೇಡಿ. ಆದರೆ ತಾರೀಖು ಬರೆದು ಒಂದು ಕಡೆ ಇಡಿ. ಬರೆದ ಕೋಡ್ ಇರಲಿ, ಅರ್ಧಕ್ಕೆ ಬಿಟ್ಟ ಕವಿತೆ ಇರಲಿ, ಕೆಎಎಸ್ ಪರೀಕ್ಷೆಗೆ ತಯಾರಾಗುತ್ತಿರುವವರು ಮೊದಲ ಸಲ ಬರೆದ ಪ್ರಬಂಧವಿರಲಿ. ಆರು ತಿಂಗಳ ನಂತರ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ನಾಚಿಕೆಯಾದರೆ ನೀವು ಬೆಳೆದಿದ್ದೀರಿ ಎಂದೇ ಅರ್ಥ.

ನಮ್ಮ ಕಾಲೇಜುಗಳಿಗೂ ಒಂದು ವಿನಂತಿ. ಪ್ರಾಜೆಕ್ಟ್ ವರದಿಯಲ್ಲಿ ಪೀಠಿಕೆ, ವಿಧಾನ, ಫಲಿತಾಂಶ, ಉಪಸಂಹಾರ ಎಂದೆಲ್ಲ ಅಧ್ಯಾಯಗಳಿರುತ್ತವೆ. ಅದರಲ್ಲಿ ‘ಏನು ಕೆಲಸ ಮಾಡಲಿಲ್ಲ’ ಎಂಬ ಇನ್ನೊಂದು ಅಧ್ಯಾಯ ಸೇರಿಸಿ, ಅದಕ್ಕೂ ಅಂಕ ಕೊಡಿ. ಸೋತ ಪ್ರಾಜೆಕ್ಟ್‌ಗಳ ವರದಿಗಳಿಗೆಂದೇ ವಿಭಾಗದಲ್ಲಿ ಒಂದು ಕಪಾಟು ಇಡಿ. ಕಡ್ಡಿ ಚುಚ್ಚಿ ತೇವ ಅಳೆಯುವಾಗ ಒತ್ತಡ ಬದಲಾದರೆ ರೀಡಿಂಗ್ ಬದಲಾಗುತ್ತದೆ ಎಂದು ನಮಗೂ ಮೊದಲು ಯಾರೋ ಸೀನಿಯರ್ ಕಂಡುಕೊಂಡಿರಬಹುದು. ಅವರು ಬರೆದಿಟ್ಟಿದ್ದರೆ ನಮ್ಮ ಎರಡು ತಿಂಗಳು ಉಳಿಯುತ್ತಿತ್ತು. ಬರ್ಗೆನ್‌ನ ಗ್ರಂಥಾಲಯ ಒಬ್ಬ ಹುಡುಗನ ಬೇಡವಾದ ಕೃತಿಯನ್ನು ದಶಕಗಳ ಕಾಲ ಕಾಯಿತು. ನಾವು ನಮ್ಮ ಜೂನಿಯರ್‌ಗಳಿಗಾಗಿ ನಾಲ್ಕು ವರ್ಷ ಕಾಯಲಾರೆವೇ?

ಈಗ ನಾವಿಬ್ಬರೂ ಆ ಯಂತ್ರವನ್ನು ಮತ್ತೆ ಮಾಡುತ್ತಿದ್ದೇವೆ. ಈ ಸಲ ಡಬ್ಬಿಯ ಮುಚ್ಚಳದ ಮೇಲೆ ಒಂದು ಕಿಲೋ ತೂಕದ ಕಲ್ಲು ಇಡುತ್ತೇವೆ. ಯಾರು ತುಂಬಿದರೂ ಕಾಯಿಯ ಮೇಲೆ ಒಂದೇ ಒತ್ತಡ ಬೀಳಲಿ ಎಂದು. ಸಂಖ್ಯೆಗಳು ಇನ್ನೂ ಆಚೀಚೆ ಆಗುತ್ತಿವೆ, ಆದರೆ ಮೊದಲಿಗಿಂತ ಕಡಿಮೆ. ಎಷ್ಟು ಕಡಿಮೆ ಎಂದು ಮಾತ್ರ ಹೇಳಲಾರೆ, ಹೋಲಿಸಲು ಹಳೆಯ ರೀಡಿಂಗ್‌ಗಳಿಲ್ಲ. ಹೊಸ ಫೈಲ್‌ಗಳನ್ನೆಲ್ಲ ‘ಎರಡನೇ ಪ್ರಯತ್ನ’ ಎಂಬ ಫೋಲ್ಡರ್‌ನಲ್ಲಿ ಇಡುತ್ತಿದ್ದೇವೆ. ಅದರ ಮೇಲೆ ‘ಮೊದಲ ಪ್ರಯತ್ನ’ ಎಂಬ ಇನ್ನೊಂದು ಫೋಲ್ಡರ್ ಇದೆ. ಅದು ಖಾಲಿ. ಖಾಲಿಯಾಗಿಯೇ ಇರಲಿ ಎಂದು ಬಿಟ್ಟಿದ್ದೇವೆ.

– ಬಿ.ಇ. ವಿದ್ಯಾರ್ಥಿನಿ, ಬ್ಯಾಡಗಿ